ತೋಟದ ರಸ್ತೆಗೆ ತಂತಿಯೋ, ಗಳುವೋ?



ಕಳೆದ ಮಹಾಸಭೆಯಲ್ಲಿ ತೋಟದ ರಸ್ತೆಗಳಿಗೆ ಅಡ್ಡಲಾಗಿ ತಂತಿ ಬಿಗಿಯುವ ವಿಚಾರ ಚರ್ಚೆಗೆ ಬಂದಾಗ ನಾನು ನಡಾವಳಿ ಬರೆದುಕೊಳ್ಳುತ್ತಿದ್ದೆನೇ ಹೊರತು ಬಾಯಿ ಬಿಡಲಿಲ್ಲ. ಕಾರಣವಿತ್ತು. ತಂತಿ ಬಿಗಿದವರಲ್ಲಿ ನಾನೂ ಒಬ್ಬ.

ಮೂರು ವರ್ಷದ ಹಿಂದಿನ ಮಳೆಗಾಲದ ಒಂದು ಭಾನುವಾರ ಏಳೆಂಟು ಜೀಪುಗಳು ಕೆಸರಾಟದ ಮೋಜಿಗಾಗಿ ನಮ್ಮ ರಸ್ತೆಯಲ್ಲಿ ಹತ್ತಿ ಇಳಿದು ಹೋದವು. ಮೊಣಕಾಲುದ್ದದ ಗಾಡಿಜಾಡು, ಒಡೆದ ಮೋರಿ, ಚರಂಡಿ ತಪ್ಪಿದ ನೀರು ನೇರ ಕಾಫಿ ನರ್ಸರಿಗೆ. ಮರುದಿನವೇ ಸಿಟ್ಟಿನಲ್ಲಿ ಎರಡು ಸಿಲ್ವರ್ ಮರಗಳ ನಡುವೆ ಜಿ.ಐ. ತಂತಿ ಬಿಗಿಸಿದೆ. ಮೂರನೆಯ ಸಂಜೆ ಲೈನಿನ ಹುಡುಗನೊಬ್ಬ, ಹತ್ತನೆಯ ತರಗತಿಯವನು, ಅಂಗಡಿಗೆಂದು ಸೈಕಲ್ಲಿನಲ್ಲಿ ಇಳಿಜಾರು ಬಂದವನು ಆ ತಂತಿಗೆ ಸಿಕ್ಕಿದ. ಗದ್ದಕ್ಕೆ ಆರು ಹೊಲಿಗೆ, ಒಂದು ಹಲ್ಲು ಹೋಯಿತು. ಎರಡು ಅಂಗುಲ ಕೆಳಗೆ ತಾಗಿದ್ದರೆ ಕುತ್ತಿಗೆ. ಅವನ ತಂದೆ ನನಗೆ ಒಂದು ಮಾತೂ ಆಡಲಿಲ್ಲ. ಆಸ್ಪತ್ರೆಯ ಬಿಲ್ಲು ನಾನು ಕೊಟ್ಟೆ, ಅದು ಬೇರೆ. ಜೀಪಿನವರು ಮುಂದಿನ ವಾರ ಕಟಿಂಗ್ ಪ್ಲೇಯರ್ ತಂದಿದ್ದರು.

ಈ ಹಿನ್ನೆಲೆಯಿಂದಲೇ ಕಳೆದ ಸೆಪ್ಟೆಂಬರಿನಲ್ಲಿ ಕಂಡ ಇನ್ನೊಂದು ಬೆಟ್ಟಸೀಮೆಯ ಸಂಗತಿ ಹೇಳುತ್ತೇನೆ. ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿ ಕೆಲಸದಲ್ಲಿರುವ ಮಗಳನ್ನು ನೋಡಲು ಹೋಗಿದ್ದೆ. ಆ ಊರಿನ ಬೆನ್ನಿಗೇ ಬ್ಲ್ಯಾಕ್ ಫಾರೆಸ್ಟ್, ಅಂದರೆ ಕಪ್ಪು ಕಾಡು. ಸುಮಾರು 6,000 ಚದರ ಕಿಲೋಮೀಟರ್. ನಮ್ಮ ಕೊಡಗಿನ ಒಂದೂವರೆ ಪಟ್ಟು ಎನ್ನಬಹುದು. ಅತಿ ಎತ್ತರದ ಫೆಲ್ಡ್‌ಬರ್ಗ್ 1,493 ಮೀಟರ್. ನಮ್ಮ ತಡಿಯಂಡಮೋಳಿಗಿಂತ ಕಡಿಮೆಯೇ. ನೋಡಲು ದಟ್ಟ ಕಾಡಾದರೂ ಬಹುಪಾಲು ನೆಟ್ಟು ಬೆಳೆಸಿದ್ದು. ಹಳೆಯ ಕಾಡು ಕಡಿದು ಬರಿದಾದ ಮೇಲೆ ಸ್ಪ್ರೂಸ್ ಎಂಬ ಸೂಚಿಪರ್ಣಿ ಮರವನ್ನೇ ಸಾಲು ಸಾಲಾಗಿ ನೆಟ್ಟರು. ಈಗ 2018ರಿಂದೀಚಿನ ಬರಗಾಲಗಳಲ್ಲಿ ಆ ಮರಕ್ಕೆ ತೊಗಟೆ ಹುಳು ಬಿದ್ದು ಒಣಗುತ್ತಿದೆ. ನೆರಳೆಲ್ಲ ಸಿಲ್ವರ್ ಮಯ ಮಾಡಿಕೊಂಡ ನಾವೂ ಅದನ್ನೊಮ್ಮೆ ನೋಡಬೇಕು. ಆ ಮಾತು ಇನ್ನೊಂದು ಸಂಚಿಕೆಗಿರಲಿ.

ಮಗಳು ನನ್ನನ್ನೂ ಒಂದು ಬಾಡಿಗೆ ಸೈಕಲ್ಲನ್ನೂ ರೈಲಿಗೆ ಹತ್ತಿಸಿದಳು. 1887ರಲ್ಲಿ ಹಾಕಿದ ಆ ಘಟ್ಟದ ರೈಲು ಸುಮಾರು 600 ಮೀಟರ್ ಏರಿಸಿ ಹಿಂಟರ್‌ಜಾರ್ಟನ್ ಎಂಬ ಊರಲ್ಲಿ ಇಳಿಸುತ್ತದೆ. ಸೈಕಲ್ಲಿಗೆ ಅವರು ಗ್ರಾವೆಲ್ ಬೈಕ್ ಎನ್ನುತ್ತಾರೆ. ಪಂದ್ಯದ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಅದಕ್ಕಿಂತ ದಪ್ಪನೆಯ ಟಯರು, ಜಲ್ಲಿ ರಸ್ತೆಗೆಂದೇ ಮಾಡಿದ್ದು. ಅಲ್ಲಿಂದ ಶ್ಲುಖ್‌ಸೇ ಎಂಬ ಅಣೆಕಟ್ಟಿನ ಕೆರೆಯವರೆಗೆ, ಏದುಸಿರು ಬಿಡುತ್ತ ನಿಲ್ಲುತ್ತ, ಇಡೀ ಬೆಳಗು ತುಳಿದೆವು. ಎರಡು ಕಡೆ ಡಾಂಬರು ರಸ್ತೆ ದಾಟಿದ್ದು ಬಿಟ್ಟರೆ ಒಂದು ಕಾರೂ ಎದುರಾಗಲಿಲ್ಲ. ಕಂಡದ್ದು ಒಂದು ಟ್ರ್ಯಾಕ್ಟರು, ಕಡಿದು ಪೇರಿಸಿದ ದಿಮ್ಮಿಗಳು, ನಾಯಿ ಹಿಡಿದು ನಡೆಯುವ ಒಬ್ಬ ಮುದುಕಿ.

ಹೆಂಡತಿ ಕೆರೆಯ ಫೋಟೋ ಎಲ್ಲಿ ಎಂದು ಕೇಳಿದಳು. ನಾನು ತೆಗೆದದ್ದೆಲ್ಲ ಚರಂಡಿಯ ಫೋಟೋ. ರಸ್ತೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬು. ಒಡೆದ ಕಲ್ಲು ಹಾಸಿ ಮೇಲೆ ಸಣ್ಣ ಪುಡಿ ಹರಡಿ ರೋಲರ್ ಎಳೆದದ್ದು. ಮೇಲಿನ ಧರೆಯ ಬದಿಗೆ ಚರಂಡಿ. ಅಲ್ಲಲ್ಲಿ ನೀರನ್ನು ಅಡ್ಡ ಹಾಯಿಸುವ ಕೊಳವೆ, ಅದರ ಬಾಯಿಗೆ ಕಲ್ಲಿನ ಹಾಸು. ಇದಾವುದನ್ನೂ ಸೈಕಲ್ಲಿನವರಿಗಾಗಿ ಮಾಡಿದ್ದಲ್ಲ, ದಿಮ್ಮಿ ಲಾರಿಗಾಗಿ ಮಾಡಿದ್ದು. 1999ರ ಡಿಸೆಂಬರ್ 26ರಂದು ಲೋಥರ್ ಎಂಬ ಬಿರುಗಾಳಿ ಆ ಸೀಮೆಯ ಲೆಕ್ಕವಿಲ್ಲದಷ್ಟು ಮರ ಕೆಡವಿದಾಗ ಮರ ಹೊರಸಾಗಿಸಲು ಒದಗಿದ್ದು ಇಂಥ ರಸ್ತೆಗಳೇ. ಕೆಲಸದ ರಸ್ತೆ ಮೊದಲು, ವಿಹಾರ ಆಮೇಲೆ. ಮರ ಕಡಿಯುವಾಗ ಅಡ್ಡ ಪಟ್ಟಿ ಕಟ್ಟುತ್ತಾರೆ. ಸೈಕಲ್ಲಿನವರು ಸುತ್ತು ಹಾಕಿ ಹೋಗಬೇಕು.

ಕಾರು ಬಾರದಿರಲು ಕಾರಣ ಆ ಜನರ ಸುಸಂಸ್ಕೃತಿ ಎಂದು ಯಾರೂ ತಿಳಿಯಬಾರದು. ಕಾಡುದಾರಿಯ ಬಾಯಲ್ಲಿ ದೂರದಿಂದಲೇ ಕಾಣುವ ಕೆಂಪು ಬಿಳಿ ಬಣ್ಣದ ಗಳು ಇರುತ್ತದೆ. ಅದರ ಪಕ್ಕದಲ್ಲಿ ಮನುಷ್ಯ, ಸೈಕಲ್ ನುಸುಳುವಷ್ಟು ಸಂದು. ಅಪ್ಪಣೆಯಿಲ್ಲದೆ ಮೋಟಾರು ಒಳಗೆ ಹೋಗುವಂತಿಲ್ಲ. 1975ರ ಅವರ ಅರಣ್ಯ ಕಾನೂನು ವಿಹಾರಕ್ಕೆ ಕಾಡು ಹೊಗಲು ಎಲ್ಲರಿಗೂ ಬಿಟ್ಟಿದೆ, ಆದರೆ ಅವರವರ ಹೊಣೆಯ ಮೇಲೆ. ಸೈಕಲ್ಲು ದಾರಿಯ ಮೇಲೆ ಮಾತ್ರ, ಆ ರಾಜ್ಯದಲ್ಲಂತೂ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಕೂಡದು.

ಇದು ಸರ್ಕಾರಿ ಕಾಡಿನ ಕಥೆ, ನಮಗೇನು ಎಂದರೆ ತಪ್ಪು. ಅಲ್ಲಿ ಸರ್ಕಾರದ್ದು, ಊರ ಪಂಚಾಯಿತಿಯದ್ದು, ಸಣ್ಣ ರೈತರದ್ದು ಎಲ್ಲವೂ ಇದೆ. ಜಮೀನು ತುಂಡಾಗದಂತೆ ಮನೆ, ಹುಲ್ಲುಗಾವಲು, ಕಾಡು ಎಲ್ಲವೂ ಕಿರಿಯ ಮಗನಿಗೇ ಹೋಗುವ ಪದ್ಧತಿ ಅಲ್ಲಿ ಹಲವು ಕಡೆ ಇತ್ತು. ಆ ರೈತರು ನಮ್ಮಂತೆಯೇ ಸಂಘ ಕಟ್ಟಿಕೊಂಡು ಮರ ಒಟ್ಟಾಗಿ ಮಾರುತ್ತಾರೆ.

ಹೊಣೆಯ ಮಾತಿಗೆ ಎರಡು ತೀರ್ಪು ಹೇಳುತ್ತೇನೆ. 2006ರಲ್ಲಿ ಕಾಡುದಾರಿಯಲ್ಲಿ ನಡೆಯುತ್ತಿದ್ದ ಹೆಂಗಸಿನ ಮೇಲೆ ಓಕ್ ಮರದ ದೊಡ್ಡ ಕೊಂಬೆ ಬಿತ್ತು. ಕಾಡಿಗೆ ಸಹಜವಾದ ಅಪಾಯಕ್ಕೆ ಮಾಲೀಕ ಹೊಣೆಯಲ್ಲ ಎಂದು 2012ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ ಹೇಳಿತು. ಅದೇ 2012ರಲ್ಲಿ ಉತ್ತರದ ಒಂದು ರಾಜ್ಯದಲ್ಲಿ ದಾರಿಗೆ ಅಡ್ಡ ಎಳೆದಿದ್ದ ಮುಳ್ಳುತಂತಿಗೆ ಸಿಕ್ಕಿ ಒಬ್ಬ ಸೈಕಲ್ ಸವಾರ ಬಿದ್ದು ಕೈಕಾಲು ಸ್ವಾಧೀನ ತಪ್ಪಿದ. 2020ರಲ್ಲಿ ಅದೇ ನ್ಯಾಯಾಲಯ ಸ್ಥಳೀಯ ಪಂಚಾಯಿತಿಯನ್ನೂ ಬೇಟೆ ಗುತ್ತಿಗೆದಾರರನ್ನೂ ಹೊಣೆ ಮಾಡಿತು. ಸವಾರನದೂ ತಪ್ಪಿದ್ದರೆ ಅದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು ಎಂದಿತು. ಕೊಂಬೆ ಕಾಡಿನದು, ತಂತಿ ಮನುಷ್ಯನದು. ಮಗಳು ಇದನ್ನು ಓದಿ ಹೇಳಿದಾಗ ನನಗೆ ಲೈನಿನ ಆ ಹುಡುಗನ ಗದ್ದ ನೆನಪಾಯಿತು.

ಅಂದಹಾಗೆ, ಸೈಕಲ್ಲಿನ ಮೂಲ ಯಂತ್ರವನ್ನು ಕಂಡುಹಿಡಿದವನೂ ಅದೇ ಬಾಡೆನ್ ಸೀಮೆಯ ಅರಣ್ಯಾಧಿಕಾರಿ, ಕಾರ್ಲ್ ಡ್ರೈಸ್. 1817ರಲ್ಲಿ ಪೆಡಲ್ ಇಲ್ಲದ ಮರದ ಎರಡು ಗಾಲಿಯ ಮೇಲೆ ಕುಳಿತು ನೆಲ ಒದೆಯುತ್ತ ಹೋದನಂತೆ. ಅರಣ್ಯಾಧಿಕಾರಿಗಳಿಂದ ಒಳ್ಳೆಯದೂ ಆಗಿದೆ ಎನ್ನಲು ಒಂದು ನಿದರ್ಶನವಾಯಿತು!

ಅಲ್ಲಿಯದನ್ನೇ ಇಲ್ಲಿಗೆ ತರೋಣ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಆನೆಯಿಲ್ಲ, ಕಾಟಿಯಿಲ್ಲ. ನಮ್ಮಲ್ಲಿ ಸಂಜೆ ಐದರ ಮೇಲೆ ಕೆಲಸದವರೇ ಗುಂಪಾಗಿ ನಡೆಯುತ್ತಾರೆ. ಮೀಸಲು ಅರಣ್ಯ ಇಲಾಖೆಗೆ ಸೇರಿದ್ದು, ಅಪ್ಪಣೆಯಿಲ್ಲದೆ ಒಳಹೊಗುವಂತಿಲ್ಲ. ಆ ಮಾತು ನಮಗೆ ಬೇಡ. ನನ್ನ ಮಾತು ನಮ್ಮ ಸ್ವಂತ ರಸ್ತೆಗಳಿಗೆ ಸೀಮಿತ. ಭಾನುವಾರ ಬೆಂಗಳೂರಿನಿಂದ ಇಂಥ ಸೈಕಲ್ಲು ಹೊತ್ತು ತರುವ ಹುಡುಗರು ಈಗ ನಮ್ಮ ಗೇಟಿನ ಮುಂದೂ ನಿಲ್ಲುತ್ತಿದ್ದಾರೆ. ಅವರನ್ನೂ ಜೀಪಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆ. ಸೈಕಲ್ಲು ಮೋರಿ ಒಡೆಯುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ, ಹಸಿವಾದರೆ ಊಟಕ್ಕೆ ಯಾರಾದರೊಬ್ಬರ ಮನೆ ಹುಡುಕುತ್ತದೆ.

ಸೈಕಲ್ಲಿಗೆ ನೂರು ರೂಪಾಯಿ ವಸೂಲು ಮಾಡೋಣವೆಂದು ಸದಸ್ಯರೊಬ್ಬರು ಸೂಚಿಸಿದ್ದರು. ನನಗೆ ಒಪ್ಪಿಗೆಯಿಲ್ಲ. ಹಣ ಪಡೆದ ಮೇಲೆ ಬಿದ್ದವನ ಹೊಣೆಯೂ ನಮ್ಮದೆಂದು ವಾದ ಬರುತ್ತದೆ. ಕಪ್ಪು ಕಾಡಿನಲ್ಲಿ ದಾರಿಗೆ ಸುಂಕವಿಲ್ಲ. ತಂಗುವವರಿಂದ ರಾತ್ರಿಗೆ ಇಷ್ಟೆಂದು ತೆರಿಗೆ ಪಡೆಯುತ್ತಾರೆ, ಅದರ ಒಂದಂಶದಿಂದಲೇ ಅತಿಥಿಗಳಿಗೆ ಬಸ್ಸು ರೈಲು ಉಚಿತ. ಹೋಂಸ್ಟೇ ಇಟ್ಟಿರುವ ನಮ್ಮ ಸದಸ್ಯರು ಕೋಣೆಗೆ ಇಷ್ಟೆಂದು ರಸ್ತೆ ನಿಧಿಗೆ ಕೊಡಲಿ. ಆ ಹಣ ಚರಂಡಿಗೂ ಮೋರಿಗೂ ಹೋಗಲಿ.

ಆದ್ದರಿಂದ ಮುಂದಿನ ಸಭೆಯ ಮುಂದೆ ನಾನು ಇಡುವ ಠರಾವು ಹೀಗೆ: ಸದಸ್ಯರ ರಸ್ತೆಗಳಲ್ಲಿ ತಂತಿ, ಸರಪಳಿ ಇದ್ದರೆ ತೆಗೆಯತಕ್ಕದ್ದು. ಬದಲಿಗೆ ಬಣ್ಣ ಹೊಡೆದ ಗಳು, ಬೀಗ, ಪಕ್ಕದಲ್ಲಿ ಸೈಕಲ್ಲಿಗೆ ಸಂದು. ಕೊಯ್ಲಿನ ತಿಂಗಳುಗಳಲ್ಲಿ, ಬೋರ್ಡೋ ಸಿಂಪಡಿಸುವ ದಿನಗಳಲ್ಲಿ, ಆನೆ ಸುಳಿವಿದ್ದಾಗ ಪೂರ್ತಿ ಬಂದ್. ಅಗಲ ರಸ್ತೆ ಮಾತ್ರ. ಅಡಿಕೆ ತೋಟದ ಕಾಲುದಾರಿ, ಸೊಪ್ಪಿನ ಬೆಟ್ಟ ಬೇಡ. ಒಪ್ಪದ ಸದಸ್ಯರಿಗೆ ಬಲವಂತವಿಲ್ಲ. ಇದನ್ನು ಜಾರಿಗೆ ತರುವ ಮೊದಲು ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯುವುದು.

ನನ್ನ ತೋಟದ ಗಳು ಸಿದ್ಧವಾಗಿದೆ. ಒಣಗಿದ ಸಿಲ್ವರ್ ಮರದ್ದೇ, ಬಡಗಿಯ ಕೂಲಿ, ಬಣ್ಣ, ಕೀಲು ಸೇರಿ ಖರ್ಚಿನ ಚೀಟಿ ಕಚೇರಿಯಲ್ಲಿದೆ, ಬೇಕಾದವರು ನೋಡಬಹುದು. ಬಣ್ಣ ಹೊಡೆದವನು ಆ ಹುಡುಗನೇ, ಈಗ ಪಿ.ಯು.ಸಿ. ಓದುತ್ತಿದ್ದಾನೆ. ಸಂದು ಎಷ್ಟು ಅಗಲವಿರಬೇಕೆಂದು ತನ್ನ ಸೈಕಲ್ಲಿನ ಹ್ಯಾಂಡಲ್ ಇಟ್ಟು ಅಳೆದುಕೊಟ್ಟ.