ಬಾಲ್ಯದ ಕಾರ್ಟೂನುಗಳೂ ತಾಯ್ನುಡಿಯೂ

ಮನುಷ್ಯನ ಸ್ಮೃತಿಭಂಡಾರದಲ್ಲಿ ಬಾಲ್ಯವು ಕೂಡಿಟ್ಟ ವಸ್ತುಗಳಷ್ಟು ದೀರ್ಘಕಾಲ ಹೊಳಪುಗೆಡದೆ ಉಳಿಯುವಂಥವು ಬೇರೆ ಇಲ್ಲ. ಪ್ರೌಢವಯಸ್ಸಿನಲ್ಲಿ ಓದಿದ ಉದ್ಗ್ರಂಥಗಳು ಮರೆತುಹೋಗಬಹುದು. ಎಂಟನೆಯ ವಯಸ್ಸಿನಲ್ಲಿ ಕೇಳಿದ ಅಜ್ಜಿಯ ಕಥೆ ಮರೆಯದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶಾಲೆಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿದಾಗ ಈ ಮಾತಿಗೆ ನಿದರ್ಶನ ದೊರೆಯುತ್ತದೆ. ಅವರಲ್ಲಿ ಹಿರಿಯರು ಯಕ್ಷಗಾನ ಬಯಲಾಟದ ರಾತ್ರಿಗಳನ್ನೂ ‘ಚಂದಮಾಮ’ದ ಬೇತಾಳನನ್ನೂ ನೆನೆದರೆ, ನಾಲ್ವತ್ತರ ಆಸುಪಾಸಿನವರು ನೆನೆಯುವುದು ಟಿ.ವಿ.ಯ ಕಾರ್ಟೂನು ಚಿತ್ರಗಳನ್ನು. ಇದನ್ನು ಕೇಳಿ ನಗುವ ಹಿರಿಯರುಂಟು. ಆದರೆ ಒಂದು ತಲೆಮಾರಿನ ಮನಸ್ಸನ್ನು ಹದಗೊಳಿಸಿದ ವಸ್ತುವು ನಗೆಗೀಡಾಗತಕ್ಕದ್ದಲ್ಲ, ವಿಚಾರಕ್ಕೆ ಅರ್ಹವಾದದ್ದು.

ಅಮೆರಿಕ ದೇಶದಲ್ಲಿ 1960ರ ದಶಕದಿಂದ ಶನಿವಾರದ ಬೆಳಗು ಮಕ್ಕಳ ಕಾರ್ಟೂನುಗಳಿಗೆಂದೇ ಮೀಸಲಾಗಿತ್ತು. ಅಹೋರಾತ್ರಿ ಕಾರ್ಟೂನು ತೋರಿಸುವ ಪ್ರತ್ಯೇಕ ವಾಹಿನಿಗಳು ಬಂದ ಮೇಲೆ ಆ ಪದ್ಧತಿ ಕ್ಷೀಣಿಸಿತು. ಅಲ್ಲಿಯ ಪ್ರಮುಖ ಪ್ರಸಾರಜಾಲಗಳಲ್ಲಿ ಉಳಿದಿದ್ದ ಕೊನೆಯ ಶನಿವಾರದ ಸರಣಿಯೂ 2014ರಲ್ಲಿ ನಿಂತಿತು. ಕರ್ನಾಟಕದ ಮಕ್ಕಳಿಗಾದರೋ ಶನಿವಾರವೆಂದರೆ ಬೆಳಗಿನ ಶಾಲೆ. ಅವರ ಪಾಲಿನ ಚಿತ್ರವಾರವು ಭಾನುವಾರವಾಯಿತು. ಬೆಂಗಳೂರಿನ ದೂರದರ್ಶನ ಕೇಂದ್ರವು ಪ್ರಾರಂಭವಾದದ್ದು 1981ರಲ್ಲಿ. ರಾಷ್ಟ್ರೀಯ ಪ್ರಸಾರವೂ ಬಣ್ಣದ ಚಿತ್ರವೂ ಬಂದದ್ದು 1982ರಲ್ಲಿ. ಆದರೆ ಮಲೆನಾಡಿಗೆ ಅವೆಲ್ಲ ತಡವಾಗಿಯೇ ಬಂದವು. ಊರಿಗೊಂದೋ ಎರಡೋ ಪೆಟ್ಟಿಗೆ. ಮಾಡಿನ ಮೇಲೆ ಆಂಟೆನಾ. ಅದನ್ನು ತಿರುಗಿಸಲು ಒಬ್ಬ, ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗಲು ಮತ್ತೊಬ್ಬ. ಗುಡ್ಡ ಅಡ್ಡವಿದ್ದರೆ ಚಿತ್ರವಿಲ್ಲ, ಆಷಾಢದ ಮಳೆ ಹಿಡಿದರೆ ಕರೆಂಟಿಲ್ಲ. ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಲ್ಲಿಯೇ ಮಕ್ಕಳು ಕತ್ತಲೆಯ ಪೆಟ್ಟಿಗೆಯ ಮುಂದೆ ಕಾದು ಕುಳಿತ ಭಾನುವಾರಗಳು ಅನೇಕ.

ಆ ಮಕ್ಕಳು ಹೆಚ್ಚಾಗಿ ನೆನೆಯುವುದು 1993ರಲ್ಲಿ ದೂರದರ್ಶನವು ತೋರಿಸತೊಡಗಿದ ‘ಜಂಗಲ್ ಬುಕ್’ ಸರಣಿಯನ್ನು. ಮೂಲಕಥೆ ರುಡ್ಯಾರ್ಡ್ ಕಿಪ್ಲಿಂಗನ 1894ರ ಇಂಗ್ಲಿಷ್ ಪುಸ್ತಕದ್ದು. ಚಿತ್ರಗಳನ್ನು ಬರೆದವರು ಜಪಾನಿನ ಕಲಾವಿದರು. ಮಾತು ಮತ್ತು ಹಾಡು ಹಿಂದಿಯವು. ತೋಳಗಳ ನಡುವೆ ಬೆಳೆದ ಮೋಗ್ಲಿ, ಬಾಲೂ ಎಂಬ ಕರಡಿ, ಬಘೀರಾ ಎಂಬ ಕರಿಚಿರತೆ, ಶೇರ್ ಖಾನ್ ಎಂಬ ಹುಲಿ ಇವರೆಲ್ಲ ಮಲೆನಾಡಿನ ಮಕ್ಕಳಿಗೆ ಅಪರಿಚಿತರೇನಲ್ಲ. ಹುಲಿ, ಕರಡಿ, ಕಾಟಿ, ಮುಸಿಯಗಳ ಕಥೆ ಕೇಳದೆ ಇಲ್ಲಿ ಯಾವ ಮಗುವೂ ಬೆಳೆಯದು. ತನ್ನ ಮನೆಯ ಹಿತ್ತಿಲಿನ ಕಾಡೇ ತೆರೆಯ ಮೇಲೆ ಬಂದಿದೆಯೆಂದು ಆ ಮಗು ಭಾವಿಸಿತು. ಆದರೆ ಆ ಕಾಡು ಅದರ ಮಾತನ್ನು ಆಡಲಿಲ್ಲ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹಿಂದಿಯು ಮೇಲಿನ ತರಗತಿಗಳಲ್ಲಿ ತೃತೀಯ ಭಾಷೆಯಾಗಿ ಬರುವಂಥದು. ಕಾರ್ಟೂನಿನ ಮುಂದೆ ಕಾಲು ಮಡಚಿ ಕುಳಿತ ಎಳೆಯರಿಗೆ ಅದರ ಅಕ್ಷರಪರಿಚಯವೂ ಇರಲಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ನಿದರ್ಶನವೊಂದಿದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ಅದು ಕಾರ್ಟೂನಲ್ಲ, ಆದರೂ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳೊಡನೆ ತೆರೆದುಕೊಳ್ಳುತ್ತಿದ್ದ ಆ ಸರಣಿಯನ್ನು ಮಕ್ಕಳು ತಮ್ಮದನ್ನಾಗಿ ಮಾಡಿಕೊಂಡರು. ಅದರ ಬೀದಿಗಳೂ ಮನೆಗಳೂ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯವು. ರೈಲು ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳಿನದು. ಸ್ವಾಮಿಯಾಗಿ ಬಾಲಕ ಮಂಜುನಾಥ, ತಂದೆತಾಯಿಗಳಾಗಿ ಗಿರೀಶ ಕಾರ್ನಾಡ ಮತ್ತು ವೈಶಾಲಿ ಕಾಸರವಳ್ಳಿ, ಎಲ್ಲರೂ ಕನ್ನಡಿಗರೇ. ಆದರೂ ಅವರಾಡಿದ ಮಾತು ಹಿಂದಿ, ಕೆಲವು ಕಂತುಗಳಲ್ಲಿ ಇಂಗ್ಲಿಷ್. ಅರಸಾಳಿನ ಹಳೆಯ ನಿಲ್ದಾಣವು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಆ ಸರಣಿಯು ಕನ್ನಡದ ಮಾತಿನಲ್ಲಿ ಟಿ.ವಿ.ಯಲ್ಲಿ ಪ್ರಸಾರವಾದದ್ದೂ 2020ರಲ್ಲಿಯೇ. ಮೊದಲು ಅದನ್ನು ನೋಡಿ ಕಣ್ಣರಳಿಸಿದ ಮಕ್ಕಳು ಅಷ್ಟುಹೊತ್ತಿಗೆ ತಾವೇ ತಂದೆತಾಯಿಗಳಾಗಿದ್ದರು.

ಹೀಗೇಕಾಯಿತು? ಅಚ್ಚಿನ ಚಿತ್ರಕಥೆಗೆ ಕನ್ನಡ ಹೊರಗಾಗಿರಲಿಲ್ಲ. ದೇಶದಲ್ಲೆಲ್ಲ ಹೆಸರಾದ ‘ಅಮರ ಚಿತ್ರ ಕಥೆ’ಯ ಮೊದಲ ಪುಸ್ತಕಗಳು ಬೆಂಗಳೂರಿನಲ್ಲಿ, 1965ರಲ್ಲಿ, ಕನ್ನಡದಲ್ಲಿಯೇ ಪ್ರಕಟವಾದವು, ಅವು ಪಾಶ್ಚಾತ್ಯರ ಮಕ್ಕಳ ಕಥೆಗಳ ಕನ್ನಡ ರೂಪಗಳು. ಕಾಗದದ ಮೇಲೆ ಸಲ್ಲುವ ನ್ಯಾಯವು ತೆರೆಯ ಮೇಲೆ ಸಲ್ಲಲಿಲ್ಲ. ಇದಕ್ಕೆ ಕಾರಣಗಳು ಎರಡು. ರಾಷ್ಟ್ರೀಯ ಪ್ರಸಾರದ ಮಕ್ಕಳ ಚಿತ್ರಗಳು ಹಿಂದಿಯಲ್ಲಿಯೇ ಸಿದ್ಧವಾಗಿ ಬರುತ್ತಿದ್ದುದು ಒಂದು. ಕನ್ನಡನಾಡಿನಲ್ಲಿ ಡಬ್ಬಿಂಗಿಗೆ ದಶಕಗಳಿಂದ ಇದ್ದ ವಿರೋಧವು ಇನ್ನೊಂದು.

ಆ ವಿರೋಧವು ನಿರಾಧಾರವಾದುದಲ್ಲ. 1960ರ ದಶಕದಲ್ಲಿ ಕನ್ನಡ ಚಿತ್ರೋದ್ಯಮವು ಎಳೆಯ ಸಸಿಯಾಗಿತ್ತು. ನೆರೆಭಾಷೆಗಳ ಚಿತ್ರಗಳು ಕನ್ನಡದ ಮುಖವಾಡ ಧರಿಸಿ ಬಂದರೆ ಇಲ್ಲಿಯ ನಟರಿಗೂ ತಂತ್ರಜ್ಞರಿಗೂ ಅನ್ನವಿಲ್ಲದಾಗುತ್ತಿತ್ತು. ಸಸಿಗೆ ಬೇಲಿ ಬೇಕಾಗಿತ್ತು, ಹಾಕಿದರು; ಅದು ಯುಕ್ತವೇ. ಆದರೆ ಆ ಬೇಲಿಯ ಹೊರಗೆ ಮಕ್ಕಳು ನಿಂತಿದ್ದರೆಂಬುದನ್ನು ಹಿರಿಯರು ಗಮನಿಸಲಿಲ್ಲ. ಚಿತ್ರದಲ್ಲಿ ಬರೆದ ಕರಡಿಯೊಂದು ಕನ್ನಡದಲ್ಲಿ ಮಾತನಾಡಿದರೆ ಯಾವ ಕನ್ನಡ ನಟನ ಪಾತ್ರವೂ ಕೈತಪ್ಪದು. ಬದಲಾಗಿ ಕಂಠದಾನ ಮಾಡುವ ನಾಲ್ಕು ಕಲಾವಿದರಿಗೆ ಕೆಲಸ ದೊರೆಯುತ್ತದೆ. ಕಾರ್ಟೂನುಗಳನ್ನು ಕನ್ನಡದಲ್ಲಿ ಆಡಿಸುವ ಮಕ್ಕಳ ವಾಹಿನಿ ‘ಚಿಂಟು ಟಿ.ವಿ.’ ಆರಂಭವಾದದ್ದು 2009ರಲ್ಲಿ. ಡಬ್ಬಿಂಗಿಗೆ ಅಡ್ಡಿಪಡಿಸುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತದ ಸ್ಪರ್ಧಾ ಆಯೋಗವು ತೀರ್ಪಿತ್ತದ್ದು 2015ರಲ್ಲಿ. ದೊಡ್ಡವರ ವ್ಯಾಜ್ಯ ಹೀಗೆ ಬಗೆಹರಿಯುವುದರೊಳಗೆ ಒಂದು ತಲೆಮಾರಿನ ಬಾಲ್ಯವೇ ಮುಗಿದಿತ್ತು. ಭಾಷಾಭಿಮಾನವು ದೊಡ್ಡವರ ಕನ್ನಡವನ್ನು ಕಾಯಲು ಹೊರಟು ಚಿಕ್ಕವರ ಕನ್ನಡವನ್ನು ಮರೆತದ್ದು ಖೇದಕರ.

ಹೊರಗಿನ ಕಥೆಯನ್ನು ಒಳಗಿನದನ್ನಾಗಿ ಮಾಡಿಕೊಳ್ಳುವ ಮಾರ್ಗವು ಈ ಸೀಮೆಗೆ ತಿಳಿಯದ್ದೇನೂ ಆಗಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ಬ್ರೌನಿಂಗ್ ಕವಿಯ ಜರ್ಮನ್ ಊರಿನ ಇಲಿಗಳ ಕಥೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿಸಿದರು. ಅದನ್ನು ಬಾಯಿಪಾಠ ಮಾಡಿದ ಲಕ್ಷಾಂತರ ಮಕ್ಕಳಿಗೆ ಅದು ಪರದೇಶದ ಕಥೆಯೆಂಬ ಅರಿವೇ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ರೈತರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಅವುಗಳ ಚರ್ಚೆಯನ್ನು ಕನ್ನಡದಲ್ಲಿ ನಡೆಸಿತು. ಚಿತ್ರ ಯಾವ ದೇಶದ್ದೇ ಆಗಿರಲಿ, ಅದನ್ನು ಕುರಿತು ಆಡುವ ಮಾತು ತನ್ನದಾದರೆ ನೋಡುವವನು ಬಡವನಾಗುವುದಿಲ್ಲವೆಂಬುದು ಹೆಗ್ಗೋಡು ಕಲಿಸಿದ ಪಾಠ.

ಆ ಪಾಠವನ್ನು ಯಾರೂ ಹೇಳಿಕೊಡದೆಯೇ ಮಕ್ಕಳು ಕಲಿತಿದ್ದರು. ಭಾನುವಾರ ಹಿಂದಿಯಲ್ಲಿ ನೋಡಿದ್ದು ಸೋಮವಾರ ಶಾಲೆಯ ಜಗಲಿಯ ಮೇಲೆ ಕನ್ನಡವಾಗುತ್ತಿತ್ತು. ಟಿ.ವಿ. ಇದ್ದ ಮನೆಯ ಹುಡುಗ ಹೇಳುವವ, ಇಲ್ಲದವರು ಕೇಳುವವರು. ಅರ್ಥವಾಗದ ಮಾತುಗಳ ಜಾಗದಲ್ಲಿ ಅವನು ತನ್ನ ಮಾತುಗಳನ್ನು ತುಂಬುತ್ತಿದ್ದ. ಕರೆಂಟು ಹೋಗಿ ತಪ್ಪಿಹೋದ ಭಾಗವನ್ನು ಕಲ್ಪಿಸಿಕೊಂಡು ಪೂರೈಸುತ್ತಿದ್ದ. ಶೇರ್ ಖಾನನು ಆ ಜಗಲಿಯ ಮೇಲೆ ಮಲೆನಾಡಿನ ಕನ್ನಡದಲ್ಲಿ ಗರ್ಜಿಸುತ್ತಿದ್ದ. ಬಯಲಾಟದ ಅರ್ಥಧಾರಿಯು ಪ್ರಸಂಗದ ಪದ್ಯಕ್ಕೆ ಆಶುವಾಗಿ ಮಾತು ಕಟ್ಟುವಂತೆ ಈ ಬಾಲಕರು ಚಿತ್ರಕ್ಕೆ ಮಾತು ಕಟ್ಟಿದರು. ಹಳೆಯ ವಿದ್ಯಾರ್ಥಿಗಳು ಇಂದು ಕಾರ್ಟೂನೆಂದು ಹೆಸರಿಟ್ಟು ಹಂಬಲಿಸುವುದು ಬರಿಯ ಚಿತ್ರಕ್ಕಲ್ಲ. ಹತ್ತು ಜನ ಒಂದೆಡೆ ಕುಳಿತು ನೋಡಿದ, ಮರುದಿನ ಕೂಡಿ ಕಥೆ ಕಟ್ಟಿದ ಆ ಸಂತೋಷಕ್ಕೆ. ಹಿರಿಯರು ಕೊಡದೆ ಹೋದ ಕನ್ನಡವನ್ನು ಆ ಮಕ್ಕಳು ತಾವೇ ಮಾಡಿಕೊಂಡರು.

ಇಂದಿನ ಸ್ಥಿತಿ ಇದಕ್ಕೆ ವಿಪರೀತವಾದುದು. ಈಗ ಕಾರ್ಟೂನುಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಭಾನುವಾರದವರೆಗೆ ಕಾಯಬೇಕಾಗಿಲ್ಲ, ಆಂಟೆನಾ ತಿರುಗಿಸಬೇಕಾಗಿಲ್ಲ. ಅಂಗೈಯಲ್ಲಿನ ಮೊಬೈಲು ಬೇಕಾದಾಗ ಬೇಕಾದಷ್ಟನ್ನು ತೋರಿಸುತ್ತದೆ. ಆದರೆ ಒಂದು ಮಗು ನೋಡಿದ್ದನ್ನು ಇನ್ನೊಂದು ನೋಡಿರುವುದಿಲ್ಲ. ನೋಡಿದ್ದನ್ನು ಹೇಳಲು ಜಗಲಿಯಿಲ್ಲ, ಕೇಳಲು ಗೆಳೆಯರಿಗೆ ಪುರಸೊತ್ತಿಲ್ಲ. ಅಂದಿನ ಮಗುವಿಗೆ ಚಿತ್ರ ಕನ್ನಡದಲ್ಲಿರಲಿಲ್ಲ, ಮಾತು ಇತ್ತು. ಇಂದಿನ ಮಗುವಿಗೆ ಚಿತ್ರ ಕನ್ನಡದಲ್ಲಿದ್ದರೂ ಮಾತು ಅಡಗುತ್ತಿದೆ. ಭಾಷೆಯು ಕಿವಿಯಿಂದ ಒಳಹೊಕ್ಕರೆ ಸಾಲದು, ನಾಲಗೆಯಿಂದ ಹೊರಬರಬೇಕು. ಹಾಗಾಗದಿದ್ದಲ್ಲಿ ಕನ್ನಡದಲ್ಲಿ ಕಾರ್ಟೂನು ನೋಡಿದ ಮಗುವೂ ಕನ್ನಡದಲ್ಲಿ ನಾಲ್ಕು ವಾಕ್ಯ ಜೋಡಿಸಲು ತಡವರಿಸುತ್ತದೆ. ಕಾರ್ಟೂನುಗಳನ್ನು ನಿಷೇಧಿಸಬೇಕೆನ್ನುವ ಕೆಲವು ಪಾಲಕರ ಮಾತು ಇದಕ್ಕೆ ಮದ್ದಲ್ಲ. ನೋಡಿದ್ದನ್ನು ನುಡಿಸುವುದೇ ಮದ್ದು.

ಅಮೆರಿಕವು ಕಳೆದುಕೊಂಡ ಶನಿವಾರದ ಬೆಳಗು ಈ ನಾಡಿನ ಶಾಲೆಗಳಲ್ಲಿ ಇನ್ನೂ ಇದೆ. ಆ ಅರ್ಧದಿನದ ಕೊನೆಯ ಅವಧಿಯನ್ನು ಅಧ್ಯಾಪಕರು ಕಥೆ ಹೇಳುವುದಕ್ಕೆಂದು ಬಿಟ್ಟುಕೊಟ್ಟರೆ ಅದರಿಂದ ಪಾಠಕ್ಕೆ ನಷ್ಟವಿಲ್ಲ. ಮಗುವು ಆ ವಾರ ನೋಡಿದ ಯಾವ ಚಿತ್ರವನ್ನಾದರೂ ಎದ್ದುನಿಂತು ಕನ್ನಡದಲ್ಲಿ ಹೇಳಲಿ. ಮಿಕ್ಕವರು ಪ್ರಶ್ನೆ ಕೇಳಲಿ. ಅಂಕವೂ ಬೇಡ, ಬಹುಮಾನವೂ ಬೇಡ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಸಲ ಕೂಡಿ ತಮ್ಮತಮ್ಮಲ್ಲೇ ಸವಿಯುವ ನೆನಪುಗಳನ್ನು ಅಂಥ ಶನಿವಾರಗಳಲ್ಲಿ ಮಕ್ಕಳೆದುರು ತಂದಿಡಲಿ; ತಾವು ಅರೆಬರೆ ಅರ್ಥಮಾಡಿಕೊಂಡ ಮೋಗ್ಲಿಯ ಕಥೆಯನ್ನು ಈಗ ಪೂರ್ತಿಯಾಗಿ ಹೇಳಲಿ. ದಾನಿಗಳು ಕಟ್ಟಡಗಳಿಗೆ ಧಾರಾಳವಾಗಿ ನೀಡಿದ್ದಾರೆ. ಕನ್ನಡದ ಚಿತ್ರಕಥೆಗಳ ಒಂದು ಕಪಾಟು, ಎಲ್ಲರೂ ಕೂಡಿ ನೋಡುವ ಒಂದು ಪರದೆ, ಅದರ ಮುಂದೆ ಹಾಸುವ ಒಂದು ಜಮಖಾನ ಇವುಗಳಿಗೆ ತಗಲುವ ವೆಚ್ಚ ಒಂದು ಕೊಠಡಿಯ ವೆಚ್ಚಕ್ಕಿಂತ ಎಷ್ಟೋ ಕಡಿಮೆ. ಮುಂದಿನ ವಾರ್ಷಿಕ ಸಂಚಿಕೆ ಹೊರಬರುವುದರೊಳಗೆ ಒಂದೆರಡು ಶಾಲೆಗಳಲ್ಲಾದರೂ ಇದು ಮೊದಲಾದರೆ, ಬಾಲ್ಯದ ನೆನಪು ಹಂಬಲದಲ್ಲಿಯೇ ಮುಗಿಯದೆ ಕೆಲಸಕ್ಕೆ ಬಂದಂತಾಗುತ್ತದೆ.