ಶೇತಸನದಿಯ ಹೊಲ

ಸಂಗೊಳ್ಳಿಯ ರಾಯಣ್ಣನ ಹೆಸರನ್ನರಿಯದ ಮನೆಯು ನಮ್ಮ ಬೈಲಹೊಂಗಲ ಸೀಮೆಯಲ್ಲಿರಲಾರದು. ಆದರೆ ಆತನು ‘ಶೇತಸನದಿ’ಯಾಗಿದ್ದನೆಂದರೇನೆಂದು ನಾನು ವರ್ಗದಲ್ಲಿ ಕೇಳಿದಾಗಲೆಲ್ಲ ಹುಡುಗರು ಮುಖಮುಖ ನೋಡಿಕೊಳ್ಳುತ್ತಿದ್ದರು. ‘ಶೇತ’ವೆಂಬುದು ಮರಾಠಿಯ ಮಾತು, ಸಂಸ್ಕೃತದ ‘ಕ್ಷೇತ್ರ’ದಿಂದ ಹುಟ್ಟಿದ್ದು, ‘ಸನದು’ ಅರಬ್ಬೀ ಮೂಲದ್ದು, ಅಧಿಕಾರಪತ್ರವೆಂದರ್ಥ. ಊರನ್ನು ಕಾಯುವವನಿಗೆ, ಪ್ರಸಂಗ ಬಂದರೆ ಕತ್ತಿ ಹಿಡಿಯುವವನಿಗೆ, ಸಂಸ್ಥಾನವು ಸಂಬಳದ ಬದಲು ಹೊಲವನ್ನೇ ಬರೆದುಕೊಡುತ್ತಿತ್ತು. ಆ ಹೊಲವು ಆತನ ಅನ್ನವೂ ಹೌದು, ಮಾನವೂ ಹೌದು.

1824ನೆಯ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಕಿತ್ತೂರಿನ ಕಾಳಗದಲ್ಲಿ ಮಡಿದನು. ಅದೇ ಡಿಸೆಂಬರದಲ್ಲಿ ಕಂಪನಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇತ್ತ ಸಂಸ್ಥಾನವು ಅಳಿದ ಮೇಲೆ ರಾಯಣ್ಣನ ಹೊಲದ ಒಂದು ಪಾಲು ಸರಕಾರದ ವಶವಾಯಿತು. ಉಳಿದುದರ ಮೇಲೆ ಭಾರಿ ಕರ ಬಿದ್ದಿತು. ಕರದ ಸಲುವಾಗಿ ಆತನ ತಾಯಿಯ ಬೆನ್ನ ಮೇಲೆ ಕಲ್ಲು ಹೇರಿಸಿದರೆಂದು ಲಾವಣಿಕಾರರು ಹಾಡುವರು. ಇದು ಬರಿಯ ಹಾಡೆಂದು ತಳ್ಳಿಹಾಕುವ ಪಂಡಿತರುಂಟು. ನನ್ನ ಎಣಿಕೆಯಲ್ಲಿ ಬಂಡಾಯದ ಬೇರಿಗೆ ಆ ಹಾಡೇ ಸಮೀಪವಾದುದು.

ಮುಂದೆ ಆತನು ಸುಟ್ಟದ್ದಾದರೂ ಏನನ್ನು? ಸರಕಾರದ ಕಚೇರಿಗಳನ್ನು. ಬೀಡಿ, ಸಂಪಗಾಂವಗಳ ಹೆಸರುಗಳು ಆ ಕಥೆಯಲ್ಲಿ ಬರುತ್ತವೆ. ಕಚೇರಿಯು ಉರಿದರೆ ಅದರೊಳಗಿನ ಲೆಕ್ಕದ ದಫ್ತರವೂ ಉರಿಯುವದಷ್ಟೆ! ಖಜಾನೆಯನ್ನು ಲೂಟಿ ಮಾಡಿ, ಆ ಹಣದಿಂದ ಜನರನ್ನು ಕೂಡಿಸಿ, ರಾಣಿಯ ದತ್ತಕಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸಬೇಕೆಂದು ಆತನು ಅಡವಿಯಿಂದ ಅಡವಿಗೆ ಸರಿದು ಕಾದಿದನು. ದಂಡಿನಿಂದ ಆಗದ ಕೆಲಸವು ದ್ರೋಹದಿಂದ ಆಯಿತು. ನಂಬಿದವರೇ ಸ್ನಾನಕ್ಕಿಳಿದವನನ್ನು ಹಿಡಿದುಕೊಟ್ಟರೆಂದು ನಮ್ಮ ಕಡೆಯ ಜನರು ಇಂದಿಗೂ ಹಲ್ಲು ಕಡಿದು ಹೇಳುವರು. ಅದು 1830ರ ಎಪ್ರಿಲ್. 1831ನೆಯ ಜನವರಿ 26ರಂದು ಖಾನಾಪುರದತ್ತಣ ನಂದಗಡದಲ್ಲಿ, ಆಲದ ಮರಕ್ಕೆ, ಆತನನ್ನು ಗಲ್ಲಿಗೇರಿಸಿದರು.

ದೂರದ ಬಲ್ಗೇರಿಯಾ ದೇಶದಲ್ಲಿ ತುರ್ಕರ ಸಾಮ್ರಾಜ್ಯದ ವಿರುದ್ಧ ಊರೂರಿಗೆ ಗುಪ್ತ ಮಂಡಲಿಗಳನ್ನು ಕಟ್ಟಿದ ವಾಸಿಲ್ ಲೆವ್‌ಸ್ಕಿ ಎಂಬ ವೀರನಿದ್ದನು. ಆತನನ್ನು 1873ರಲ್ಲಿ ಸೋಫಿಯಾ ಪಟ್ಟಣದ ಬಳಿ ಗಲ್ಲಿಗೇರಿಸಿದರು. ಆತನ ದೇಹವನ್ನು ಎಲ್ಲಿ ಹೂಳಿದರೆಂಬುದರ ಬಗ್ಗೆ ಅಲ್ಲಿಯವರು ಇನ್ನೂ ವಾದಿಸುತ್ತಿರುವರು. ಈ ಒಂದು ಮಾತಿನಲ್ಲಿ ನಾವು ಭಾಗ್ಯವಂತರು. ರಾಯಣ್ಣನ ಸಮಾಧಿಯು ನಂದಗಡದಲ್ಲಿದೆ. ಆಲದ ಮರವೂ ಇದೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ರಾಯಣ್ಣನಂಥ ಮಗನು ಹುಟ್ಟಲೆಂದು ಹರಸಿಕೊಂಡು ಆ ಮರಕ್ಕೆ ಚಿಕ್ಕ ತೊಟ್ಟಿಲುಗಳನ್ನು ಕಟ್ಟಿ ಬರುವರು.