ಹಾಯಿದೋಣಿಯೂ ಬೀದರಿನ ವಾಯುಭಾರಮಾಪಕವೂ

ತರಗತಿಯಲ್ಲಿ ಚಂಡಮಾರುತದ ಪಾಠ ಬಂದಾಗಲೆಲ್ಲ ನಮ್ಮ ಬೀದರಿನ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದುಂಟು: “ಕಡಲನ್ನೇ ಕಾಣದ ನಮಗೆ ಈ ವಿಚಾರವೇತಕ್ಕೆ, ಸರ್?” ಭಾಲ್ಕಿ, ಔರಾದಗಳ ಕಡೆಯಿಂದ ಬರುವವರಲ್ಲಿ ಅನೇಕರು ಕಡಲ ಅಲೆಯನ್ನು ಚಿತ್ರದಲ್ಲಿ ಮಾತ್ರ ಕಂಡವರು, ಆದ್ದರಿಂದ ಪ್ರಶ್ನೆ ಸಹಜವೇ. ಆದರೆ ಕಡಲ ವಿದ್ಯೆ ಕರಾವಳಿಯವರ ಸೊತ್ತೆಂಬ ಭಾವನೆಯನ್ನು ನಾನು ಒಪ್ಪಲಾರೆ.

ಹಾಯಿದೋಣಿಯವರ ಅನುಭವವನ್ನೇ ಮೊದಲು ನೋಡೋಣ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಲಕ್ಷದ್ವೀಪದ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ನಾವಿಕರು ‘ಓಡಂ’ ಎಂಬ ಹಾಯಿಹಡಗುಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಹೇರಿಕೊಂಡು, ಸುಮಾರು 300 ಕಿಲೋಮೀಟರ್ ಕಡಲನ್ನು ದಾಟಿ ಮಂಗಳೂರಿಗೆ ಬಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಗಂಟು ಹಾಕಿದ ದಾರವುಳ್ಳ ಚಿಕ್ಕ ಹಲಗೆಯೊಂದರಿಂದ ಧ್ರುವತಾರೆಯ ಎತ್ತರವನ್ನಳೆದು ತಾವಿರುವ ಅಕ್ಷಾಂಶವನ್ನು ಅರಿಯುತ್ತಿದ್ದರು. ಮುಂಗಾರಿಗೆ ಮುನ್ನ ಹಡಗುಗಳನ್ನು ದಡಕ್ಕೆಳೆದು ಮುಚ್ಚಿಡುತ್ತಿದ್ದರು. ಹೊರಡಬಾರದ ಕಾಲವನ್ನು ಅರಿಯುವುದೇ ಅವರ ನೌಕಾವಿದ್ಯೆಯ ಮೊದಲ ಪಾಠವಾಗಿತ್ತು.

ಹೊರಟ ಮೇಲೆ ಬಿರುಗಾಳಿ ಬಂದರೆ? ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಮಡಿಯಾಗುತ್ತದೆ. ಆದುದರಿಂದ ನಾವಿಕನು ಹಾಯಿಯನ್ನು ಕಿರಿದುಗೊಳಿಸುತ್ತಾನೆ, ಬಳಿಕ ಮರೆಯನ್ನು ಹುಡುಕುತ್ತಾನೆ. ಮರೆಯೆಂದರೇನೆಂಬುದನ್ನು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ದಂಡೆಯಲ್ಲೇ ಕಾಣಬಹುದು. ಗಾಳಿ ಬೀಸಿಬರುವ ಕಡೆಯ ದಂಡೆಯಲ್ಲಿ ನೀರು ನವಿರಾಗಿ ನಡುಗುತ್ತದೆ. ಎದುರು ದಂಡೆಯಲ್ಲಿ ತೆರೆಗಳು ಬಲಿತು ಅಪ್ಪಳಿಸುತ್ತವೆ. ಗಾಳಿ ನೀರಿನ ಮೇಲೆ ಓಡಿದ ದೂರ ಹೆಚ್ಚಿದಷ್ಟೂ ಅಲೆ ಬೆಳೆಯುತ್ತದೆ. ದ್ವೀಪದ ಹಿಂಬದಿಯಲ್ಲಿ ಈ ದೂರ ಕಡಿಮೆ. ಹವಳದ ದಿಬ್ಬವಂತೂ ಹೊರಗಡಲ ಅಲೆಯನ್ನು ಅಂಚಿನಲ್ಲೇ ಒಡೆದುಬಿಡುತ್ತದೆ. ಆದರೆ ಚಂಡಮಾರುತದ ಗಾಳಿ ಸುತ್ತುವ ಗಾಳಿ. ಸುಳಿಯು ಸಾಗಿದಂತೆ ಗಾಳಿಯ ದಿಕ್ಕು ತಿರುಗಿ, ಇರುಳಿನಲ್ಲಿ ಆಸರೆಯಾಗಿದ್ದ ಎಡೆಯೇ ಬೆಳಗಾಗುವುದರೊಳಗೆ ಬಲೆಯಾಗಬಹುದು. ನಮ್ಮ ಉತ್ತರಾರ್ಧಗೋಲದಲ್ಲಿ ಗಾಳಿಗೆ ಬೆನ್ನುಮಾಡಿ ನಿಂತರೆ ಸುಳಿಯ ಕೇಂದ್ರ ಎಡಗಡೆಗಿರುತ್ತದೆ. ಇದನ್ನು ಬಲ್ಲವನು ಮಾತ್ರ ನಾಳಿನ ಮರೆಯನ್ನು ಇಂದೇ ಆರಿಸಬಲ್ಲನು.

ಇನ್ನು ವಾಯುಭಾರಮಾಪಕದ ಮಾತು. ಬೀದರಿನಲ್ಲಿ ಅದು ಸಾಮಾನ್ಯವಾಗಿ ಸುಮಾರು 940 ಮಿಲಿಬಾರ್ ತೋರಿಸುತ್ತದೆ. ಸಮುದ್ರಮಟ್ಟದಲ್ಲಿ ಇದೇ ಅಂಕೆ ಕಂಡರೆ ಅದು ಘೋರ ಚಂಡಮಾರುತದ ಒಡಲು! ಇಲ್ಲಿ ನಾವು ನೆಮ್ಮದಿಯಿಂದಿರುವುದಕ್ಕೆ ಕಾರಣ ನಮ್ಮ ಪ್ರಸ್ಥಭೂಮಿಯ ಎತ್ತರ. ಅಪಾಯವಿರುವುದು ಅಂಕೆಯಲ್ಲಲ್ಲ, ಅದರ ಬದಲಾವಣೆಯಲ್ಲಿ. ಉಷ್ಣವಲಯದಲ್ಲಿ ವಾಯುಭಾರವು ಹತ್ತು ಗಂಟೆಯ ಸುಮಾರಿಗೆ ಏರಿ, ನಾಲ್ಕು ಗಂಟೆಯ ಸುಮಾರಿಗೆ ಇಳಿಯುವುದು ಹಗಲೂ ಇರುಳೂ ನಡೆಯುವ ಕ್ರಮ. ಈ ಏರಿಳಿತವನ್ನು ಕಳೆದ ಮೇಲೂ ಭಾರವು ಆ ಋತುವಿನ ಸರಾಸರಿಗಿಂತ 3 ಮಿಲಿಬಾರ್ ಕುಸಿದರೆ ನಾವಿಕನು ಶಂಕಿಸಬೇಕು. 5 ಕುಸಿದರೆ ಸಂಶಯಕ್ಕೆ ಎಡೆಯೇ ಇಲ್ಲ.

ಉಪಗ್ರಹಗಳಿರುವ ಈ ಕಾಲದಲ್ಲಿ ಇಷ್ಟು ತಿಳಿದೇನು ಫಲವೆಂದು ಕೆಲವರು ಕೇಳಬಹುದು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಬಲಿತ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹಾದುಹೋಯಿತು. ಉಪಗ್ರಹಗಳು ಅದನ್ನು ಕಂಡಿದ್ದವು. ಆದರೆ ಮೊದಲೇ ದೂರದ ಕಡಲಿಗೆ ಹೋಗಿದ್ದ ಅನೇಕ ದೋಣಿಗಳಿಗೆ ಎಚ್ಚರಿಕೆ ತಲಪಲಿಲ್ಲ. ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ದಡದ ದೂರವಾಣಿ ಮುಟ್ಟದೆಡೆಗೂ ಉಪಗ್ರಹದ ಮೂಲಕ ಎಚ್ಚರಿಕೆ ಕಳುಹಿಸುವ ‘ಜೆಮಿನಿ’ ಎಂಬ ಉಪಕರಣ 2019ರಲ್ಲಿ ಬಂದಿತು. ಆ ಎಚ್ಚರಿಕೆಗಳನ್ನು ಸಿದ್ಧಪಡಿಸುವ ಸಾಗರ ಮಾಹಿತಿ ಸೇವೆಯ ರಾಷ್ಟ್ರೀಯ ಕೇಂದ್ರ ಎಲ್ಲಿದೆ? ಯಾವ ಬಂದರಿನಲ್ಲಿಯೂ ಅಲ್ಲ. ನಮ್ಮ ನೆರೆಯ, ಕಡಲಿಲ್ಲದ ಹೈದರಾಬಾದಿನಲ್ಲಿ!

ಕಡಲೂ ನಮ್ಮನ್ನು ಮರೆತಿಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡವೇರಿದ ವಾಯುಭಾರ ಕುಸಿತವು ತೆಲಂಗಾಣವನ್ನು ದಾಟಿ ಉತ್ತರ ಕರ್ನಾಟಕಕ್ಕೂ ಬಂದು, ಭೀಮಾ ತೀರದ ಊರುಗಳನ್ನು ನೀರಿನಲ್ಲಿ ಮುಳುಗಿಸಿತು.

ಆದಕಾರಣ ಬೀದರ್, ಭಾಲ್ಕಿ, ಔರಾದಗಳ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಂದು ವಾಯುಭಾರಮಾಪಕವಿರಬೇಕು, ಅದೂ ಬೀರುವಿನಲ್ಲಲ್ಲ, ಗೋಡೆಯ ಮೇಲೆ. ವಿದ್ಯಾರ್ಥಿಗಳೇ ದಿನವೂ ಹತ್ತು ಗಂಟೆಗೂ ನಾಲ್ಕು ಗಂಟೆಗೂ ಓದಿ ನಕ್ಷೆ ಬರೆಯಲಿ. ಒಂದು ವರ್ಷ ಬರೆದ ಹುಡುಗಿಗೆ ಗೆರೆಯು ಕ್ರಮ ತಪ್ಪಿದ ದಿನ ತಾನಾಗಿ ತಿಳಿಯುವುದು. ಅವಳು ಮುಂದೆ ಆ ಕೇಂದ್ರದಲ್ಲಿ ಕುಳಿತು ಎಚ್ಚರಿಕೆ ಬರೆಯುವ ದಿನ, ಅಮಿನಿಯ ದೋಣಿಯೊಂದು ಹೊತ್ತಿಗೆ ಮುನ್ನ ಮರೆ ಸೇರೀತು. ‘ನಮಗೇತಕ್ಕೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕೆಂದು ನನಗೆ ತೋರದು.